ಮಾರಿದ ಗಾಡಿಯ ಹೊಣೆ ಯಾರದು?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಲ್ಲಿ ಕನ್ನಡದ ಉಪಾಧ್ಯಾಯರು ಮಾತಿಗೆ ನಿಂತರೆಂದರೆ ಪಂಪನನ್ನೋ ಬಸವಣ್ಣನವರನ್ನೋ ಕುರಿತು ನಾಲ್ಕು ಮಾತು ಬರುವುದೆಂದು ತಾವು ನಿರೀಕ್ಷಿಸುವುದು ಸಹಜವಾಗಿದೆ. ನಮಗೂ ಅದು ಪ್ರಿಯವಾದ ಕಾರ್ಯವೇ. ಆದರೆ ಈ ಸಲ ಕಾರ್ಯದರ್ಶಿಗಳು ಬೇರೊಂದು ಅಪೇಕ್ಷೆಯನ್ನು ಮುಂದಿಟ್ಟರು. ಮನೆಮನೆಯ ವ್ಯವಹಾರಕ್ಕೆ ಒದಗುವಂಥ ಒಂದು ವಿಷಯವನ್ನು ಆರಿಸಿಕೊಂಡು ತಿಳಿಗನ್ನಡದಲ್ಲಿ ವಿವರಿಸಬೇಕೆಂಬುದೇ ಆ ಅಪೇಕ್ಷೆ. ಅದರಂತೆ ನಾವು ಆರಿಸಿಕೊಂಡುದು ಮೋಟಾರು ಗಾಡಿಯ ಮಾರಾಟ, ಅದರ ವಿಮೆ, ಮಾರಿದ ತರುವಾಯ ಆ ಗಾಡಿಯಿಂದ ಅಪಘಾತವಾದರೆ ಹೊಣೆ ಯಾರ ತಲೆಗೆ ಬರುತ್ತದೆಂಬ ಪ್ರಶ್ನೆ.

ಇದರಲ್ಲಿ ಕನ್ನಡ ಸಂಘಕ್ಕೆ ಸಂಬಂಧಪಟ್ಟುದೇನೆಂದು ಕೇಳುವವರಿರಬಹುದು. ನಮ್ಮ ಗಡಿಸೀಮೆಯ ಮನೆಗಳಲ್ಲಿ ಹಳೆಯ ಜಮೀನಿನ ಕಾಗದ ಉರ್ದುವಿನಲ್ಲಿದೆ, ಕಚೇರಿಯ ಕಾಗದ ತೆಲುಗಿನಲ್ಲಿದೆ, ವಿಮೆಯ ಕಾಗದ ಇಂಗ್ಲಿಷಿನಲ್ಲಿದೆ. ಊಟಕ್ಕೆ ಕುಳಿತಾಗ ಆಡುವ ಮಾತು ಕನ್ನಡದಲ್ಲಿದೆ. ಸಹಿ ಹಾಕುವಾಗ ಯಾವ ಕಾಗದದಲ್ಲಿ ಏನಿದೆಯೆಂಬುದು ಮನೆಯ ಯಜಮಾನನಿಗೇ ತಿಳಿದಿರುವುದಿಲ್ಲ. ಆದಕಾರಣ ಈ ಮಾತು ಇಲ್ಲಿಯೇ ಆಡತಕ್ಕುದು.

ಬೊಮ್ರಾಸಪೇಟೆಯಂಥ ಊರಿನಲ್ಲಿ ನಾವು ಚಿಕ್ಕವರಾಗಿದ್ದಾಗ ಮೋಟಾರು ಸೈಕಲ್ಲು ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಇಂದು ಬೈಕಿಲ್ಲದ ಮನೆಯನ್ನು ಹುಡುಕಬೇಕು. ತೊಗರಿ ಮಾರಿ ಬಂದ ಹಣದಲ್ಲಿ ಹೊಸ ಗಾಡಿ ತರುವುದು, ಹಳೆಯದನ್ನು ಕೊಡಂಗಲ್ಲಿನಲ್ಲಿಯೋ ತಾಂಡೂರಿನಲ್ಲಿಯೋ ಸೇಡಮ್ಮಿನ ಕಡೆಯ ಬಂಧುಗಳಿಗೋ ಮಾರುವುದು ವಾಡಿಕೆಯಾಗಿದೆ. ಟ್ರಾಕ್ಟರಿನ ವ್ಯವಹಾರವೂ ಹೀಗೆಯೇ. ಮಾರಾಟ ನಡೆಯುವ ಬಗೆಯನ್ನು ತಾವೆಲ್ಲರೂ ಕಂಡಿದ್ದೀರಿ. ಹೋಟೆಲಿನ ಮುಂದೆ ಚಹ ಕುಡಿಯುತ್ತ ಬೆಲೆ ಕುದುರುತ್ತದೆ. ಕೊಳ್ಳುವ ಹುಡುಗ ಎರಡು ಅಚ್ಚಾದ ಕಾಗದಗಳನ್ನು ಮುಂದೆ ಹಿಡಿದು, “ಕಾಕಾ, ಇಲ್ಲೊಂದು ಸಹಿ ಮಾಡಿ ಕೊಡ್ರಿ, ಮುಂದಿಂದು ನಾ ನೋಡ್ಕೋತೀನಿ” ಎನ್ನುತ್ತಾನೆ. ಕಾಗದದಲ್ಲಿ ಕೊಳ್ಳುವವನ ಹೆಸರೂ ಇಲ್ಲ, ತಾರೀಖೂ ಇಲ್ಲ. ಕಾಕಾ ಸಹಿ ಮಾಡಿ, ಆರ್‌ಸಿಯನ್ನೂ ಕೀಲಿಯನ್ನೂ ಕೊಟ್ಟು, ಹಣ ಎಣಿಸಿಕೊಂಡು ಮನೆಗೆ ಬರುತ್ತಾನೆ. ಗಾಡಿಯ ಚಿಂತೆ ಅಲ್ಲಿಗೆ ತೀರಿತೆಂದೇ ಅವನ ಭಾವನೆ.

ಈ ಭಾವನೆ ಎತ್ತಿನ ವ್ಯಾಪಾರದಿಂದ ಬಂದುದು. ಸಂತೆಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದು, ಹಲ್ಲು ನೋಡುವುದು, ಸುಳಿ ನೋಡುವುದು, ಕೊನೆಗೆ ಹಗ್ಗವನ್ನು ಕೈಗೆ ಕೊಡುವುದು, ಇವನ್ನೆಲ್ಲ ಹಿರಿಯರು ಬಲ್ಲರು. ಹಗ್ಗ ಕೈಬದಲಾದ ಮೇಲೆ ಆ ಎತ್ತು ಯಾರ ಹೊಲವನ್ನು ಮೇಯ್ದರೂ ಯಾರನ್ನು ಹಾಯ್ದರೂ ಮಾರಿದವನನ್ನು ಕೇಳುವವರಿರಲಿಲ್ಲ. ಈ ಎತ್ತಿನ ನ್ಯಾಯವನ್ನೇ ನಾವು ಮೋಟಾರಿಗೂ ಹಚ್ಚಿಕೊಂಡು ಕುಳಿತಿದ್ದೇವೆ. ಕಾನೂನು ಮೋಟಾರನ್ನು ಎತ್ತಿನಂತೆ ಕಾಣುವುದಿಲ್ಲ; ಹೊಲದಂತೆ ಕಾಣುತ್ತದೆ. ಹೊಲಕ್ಕೆ ಪಹಾಣಿ ಇದ್ದಂತೆ ಮೋಟಾರಿಗೆ ಸಾರಿಗೆ ಕಚೇರಿಯ ನೋಂದಣಿ ಪುಸ್ತಕವಿದೆ.

ಹೊಲದ ವಿಷಯದಲ್ಲಿ ನಮ್ಮವರು ಪೆಟ್ಟು ತಿಂದು ಪಾಠ ಕಲಿತಿದ್ದಾರೆ. ಸಾದಾ ಬೈನಾಮಾದ ಮೇಲೆ ಜಮೀನು ಕೊಂಡು, ಹಣವನ್ನೆಲ್ಲ ಕೊಟ್ಟು, ವರ್ಷಾನುಗಟ್ಟಲೆ ಉಳುಮೆ ಮಾಡಿಯೂ ಪಹಾಣಿಯಲ್ಲಿ ಹೆಸರು ಏರದೆ ಕಚೇರಿಯ ಮೆಟ್ಟಿಲು ಸವೆಸಿದ ಕುಟುಂಬಗಳು ತೆಲಂಗಾಣದ ಯಾವ ಊರಿನಲ್ಲಿಲ್ಲ? ಆದರೆ ಒಂದು ಭೇದವುಂಟು. ಅದನ್ನು ಸಭಿಕರು ಲಕ್ಷ್ಯವಿಟ್ಟು ಕೇಳಬೇಕು. ಜಮೀನಿನಲ್ಲಿ ಹೆಸರು ಬದಲಾಗದಿದ್ದರೆ ಸಂಕಟ ಕೊಂಡವನಿಗೆ. ಮೋಟಾರಿನಲ್ಲಿ ಹೆಸರು ಬದಲಾಗದಿದ್ದರೆ ಸಂಕಟ ಮಾರಿದವನಿಗೆ. ಕೊಂಡವನು ಗಾಡಿಯನ್ನು ಓಡಿಸಿಕೊಂಡಿರುತ್ತಾನೆ, ಅವನಿಗೆ ಅವಸರವೇನು? ಹೆಸರು ಬದಲಾಯಿಸಲು ಹಣ ಬೇಕು, ಒಂದು ದಿನದ ಕೂಲಿ ಹೋಗುತ್ತದೆ, ಪರರಾಜ್ಯದ ಗಾಡಿಯಾದರೆ ತೆರಿಗೆಯೂ ಬೀಳುತ್ತದೆ. “ನಾ ನೋಡ್ಕೋತೀನಿ” ಎಂದವನು ನೋಡಿಕೊಳ್ಳದಿರುವುದು ದುಷ್ಟತನದಿಂದಲೇ ಎಂದು ನಾವು ಹೇಳುವುದಿಲ್ಲ. ಮಾಡದಿದ್ದರೆ ನೋಯುವವನು ತಾನಲ್ಲವಾದ್ದರಿಂದ ಅವನು ಮರೆಯುತ್ತಾನೆ, ಅಷ್ಟೆ.

ಇನ್ನು ಕಾನೂನಿನ ಮಾತು. ಮೋಟಾರು ವಾಹನಗಳ ಹಿಂದಿನ ಶಾಸನವು ಬಂದುದು 1939ರಲ್ಲಿ. ಗಾಡಿಯ ಒಡೆಯನೆಂದರೆ ನೋಂದಣಿಯಲ್ಲಿ ಹೆಸರಿರುವವನು ಎಂಬ ನೇರವಾದ ಲಕ್ಷಣ ಆ ಶಾಸನದಲ್ಲಿರಲಿಲ್ಲ. ಈಗ ನಡೆಯುತ್ತಿರುವುದು 1988ರ ಶಾಸನ. ಅದು ಜಾರಿಗೆ ಬಂದುದು 1989ರ ಜುಲೈ 1ರಂದು. ಇದರ 2ನೆಯ ಕಲಮಿನ 30ನೆಯ ಉಪಕಲಮು, ಗಾಡಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವನೇ ಒಡೆಯ ಎಂದು ಹೇಳುತ್ತದೆ. ಸಾಲದ ಮೇಲೆ, ಬಾಡಿಗೆಯ ಮೇಲೆ ತಂದ ಗಾಡಿಗಳಿಗೆ ಮಾತ್ರ, ಗಾಡಿ ಯಾರ ವಶದಲ್ಲಿದೆಯೋ ಅವನು ಒಡೆಯನೆಂದು ಪ್ರತ್ಯೇಕವಾಗಿ ಹೇಳಿದೆ.

ನಮ್ಮ ವೃತ್ತಿಯ ಚಪಲದಿಂದ ಇಲ್ಲಿ ಒಂದು ಮಾತು ಹೇಳದೆ ಇರಲಾರೆವು. ಕೇಶಿರಾಜನ ಶಬ್ದಮಣಿದರ್ಪಣವನ್ನು ಓದುವ ವಿದ್ಯಾರ್ಥಿಗಳು ಷಷ್ಠೀ ವಿಭಕ್ತಿಯನ್ನು ಬಲ್ಲರು. ‘ರಾಮಣ್ಣನ ಗಾಡಿ’ ಎಂದಾಗ ಆ ಕೊನೆಯ ‘ಅ’ಕಾರವೇ ಒಡೆತನವನ್ನು ಸೂಚಿಸುತ್ತದೆ. ರಾಮಣ್ಣ ಗಾಡಿಯನ್ನು ಭೀಮಣ್ಣನಿಗೆ ಮಾರಿದ ಮರುಗಳಿಗೆಯಿಂದ ಊರವರು ‘ಭೀಮಣ್ಣನ ಗಾಡಿ’ ಎನ್ನತೊಡಗುತ್ತಾರೆ. ಆದರೆ ನೋಂದಣಿ ಪುಸ್ತಕದ ವ್ಯಾಕರಣದಲ್ಲಿ ಅದು ರಾಮಣ್ಣನ ಗಾಡಿಯಾಗಿಯೇ ಉಳಿಯುತ್ತದೆ. ನ್ಯಾಯಾಲಯವು ಓದುವುದು ಆ ಪುಸ್ತಕವನ್ನು.

ಇದು ಕಾಗದದ ಮೇಲಿನ ಮಾತಲ್ಲವೆಂಬುದನ್ನು ಹರಿಯಾಣದ ಕಡೆಯ ಒಂದು ವ್ಯಾಜ್ಯವು ತೋರಿಸಿಕೊಟ್ಟಿದೆ. ಒಬ್ಬ ಗೃಹಸ್ಥರು ತಮ್ಮ ಮಾರುತಿ 800 ಕಾರನ್ನು 2007ರ ಜುಲೈಯಲ್ಲಿ ಒಬ್ಬರಿಗೆ ಮಾರಿದರು. ಆ ಕೊಂಡವರು 2008ರ ಸೆಪ್ಟೆಂಬರಿನಲ್ಲಿ ಇನ್ನೊಬ್ಬರಿಗೆ ಮಾರಿದರು. ಅವರು ಮತ್ತೊಬ್ಬರಿಗೆ ಕೊಟ್ಟರು. ಆ ಮತ್ತೊಬ್ಬರೂ ತಾವು ಅದನ್ನು ಬೇರೆಯವರಿಗೆ ಮಾರಿಬಿಟ್ಟುದಾಗಿ ಹೇಳಿದರು. ಹೀಗೆ ಕೈಯಿಂದ ಕೈಗೆ ಹೋದ ಕಾರಿನ ನೋಂದಣಿ ಮಾತ್ರ ಮೊದಲಿನವರ ಹೆಸರಿನಲ್ಲಿಯೇ ಇತ್ತು. 2009ರ ಮೇ 27ರಂದು ಆ ಕಾರನ್ನು ಹಿಂದಕ್ಕೆ ಓಡಿಸುವಾಗ ಅದು ನಡೆದು ಹೋಗುತ್ತಿದ್ದ ಒಬ್ಬ ಹೆಣ್ಣುಮಗಳಿಗೂ ಅವರ ಜೊತೆಗಿದ್ದ ಸೋದರಳಿಯನಿಗೂ ತಗುಲಿತು. ಸೋದರಳಿಯ ತೀರಿಕೊಂಡನು. ಕ್ಲೇಮು ನ್ಯಾಯಾಧಿಕರಣವು ಗಾಯಗೊಂಡವರಿಗೆ 10,000 ರೂಪಾಯಿ, ಸಾವಿಗಾಗಿ 3,75,000 ರೂಪಾಯಿ ಪರಿಹಾರವನ್ನು ಗೊತ್ತುಮಾಡಿತು. ಹೊಣೆಯನ್ನು ಹೊರಿಸಿದುದು ಚಾಲಕನ ಮೇಲೆ ಮತ್ತು ಎರಡು ವರ್ಷಗಳ ಹಿಂದೆಯೇ ಕಾರನ್ನು ಮಾರಿದ್ದ ಆ ಮೊದಲನೆಯವರ ಮೇಲೆ.

ಪಂಜಾಬು-ಹರಿಯಾಣದ ಉಚ್ಚ ನ್ಯಾಯಾಲಯಕ್ಕೆ ಇದು ಸರಿಕಾಣಲಿಲ್ಲ. ಕಾರನ್ನು ಮಾರಿದ್ದು ನಿಜ, ವಶ ಬಿಟ್ಟುಕೊಟ್ಟದ್ದೂ ನಿಜ. ಆದುದರಿಂದ ಹೊಣೆ ಆಮೇಲೆ ಕೊಂಡವರದು ಎಂದು ಅದು ತೀರ್ಮಾನಿಸಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರ, ನ್ಯಾಯಮೂರ್ತಿಗಳಾದ ಎ. ಎಂ. ಖಾನ್ವಿಲ್ಕರ್ ಮತ್ತು ಡಿ. ವೈ. ಚಂದ್ರಚೂಡ್ ಇವರ ಪೀಠವು 2018ರ ಫೆಬ್ರವರಿ 6ರಂದು ಉಚ್ಚ ನ್ಯಾಯಾಲಯದ ತೀರ್ಮಾನವನ್ನು ತಿರುಗಿಸಿ, ನೋಂದಣಿಯಲ್ಲಿ ಹೆಸರಿರುವವನೇ ಹೊಣೆಗಾರನೆಂದು ಹೇಳಿತು. ಸಂಸತ್ತು 1939ರ ಲಕ್ಷಣವನ್ನು ಬಿಟ್ಟು ಹೊಸ ಲಕ್ಷಣವನ್ನು ಉದ್ದೇಶಪೂರ್ವಕವಾಗಿಯೇ ತಂದಿದೆಯೆಂಬುದು ಆ ತೀರ್ಪಿನ ತಿರುಳು. ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೊಂದು ತೀರ್ಪು ಬಂತು. ಅಲ್ಲಿ ಕಾರನ್ನು ಮಾರಿದುದು 2009ರ ಸೆಪ್ಟೆಂಬರ್ 11ರಂದು, ಅಪಘಾತವಾದುದು ಅಕ್ಟೋಬರ್ 9ರಂದು. ಕೊಂಡವನು ಹೆಸರು ಬದಲಾಯಿಸಿಕೊಳ್ಳಲು ಕಾನೂನು ಕೊಡುವ 30 ದಿನಗಳ ಅವಧಿ ಇನ್ನೂ ತುಂಬಿರಲಿಲ್ಲ. ಆದರೂ ಮಾರಿದವರು ಪಾರಾಗಲಿಲ್ಲ.

ಇದು ಅನ್ಯಾಯವಲ್ಲವೆ, ಹಣ ತೆಗೆದುಕೊಂಡು ವಸ್ತು ಕೊಟ್ಟವನು ಎರಡು ವರ್ಷದ ಮೇಲೆ ಪರರ ತಪ್ಪಿಗೆ ದಂಡ ತೆರಬೇಕೆ ಎಂದು ತಮ್ಮಲ್ಲಿ ಅನೇಕರ ಮನಸ್ಸು ಕೇಳುತ್ತಿರಬಹುದು. ಕಠಿನವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಬೀದಿಯಲ್ಲಿ ಬಿದ್ದವನ ಕಡೆಯಿಂದ ಒಮ್ಮೆ ನೋಡೋಣ. ಕೊಡಂಗಲ್ಲಿನ ರಸ್ತೆಯಲ್ಲಿ ಶಾಲೆಗೆ ಹೋಗುವ ನಮ್ಮ ಹುಡುಗನಿಗೆ ಒಂದು ಗಾಡಿ ಬಡಿಯಿತೆನ್ನಿ. ಆ ತಾಯಿತಂದೆಗಳ ಕೈಗೆ ಸಿಗುವುದು ಗಾಡಿಯ ನಂಬರೊಂದೇ. ಆ ನಂಬರು ಸಾರಿಗೆ ಕಚೇರಿಯ ಪುಸ್ತಕದಲ್ಲಿ ಒಂದು ಹೆಸರನ್ನು ತೋರಿಸುತ್ತದೆ. ಆ ಹೆಸರಿನವನು ‘ನಾನು ಮಾರಿದೆ’ ಎಂದು ಎರಡನೆಯವನನ್ನು ತೋರಿಸಿ, ಅವನು ಮೂರನೆಯವನನ್ನು ತೋರಿಸಿ, ಮೂರನೆಯವನು ಊರು ಬಿಟ್ಟು ಪುಣೆಗೆ ಹೋಗಿದ್ದರೆ, ಮಗನನ್ನು ಕಳೆದುಕೊಂಡವರು ಈ ಸರಪಳಿಯ ಕೊನೆಯ ಕೊಂಡಿಯನ್ನು ಹುಡುಕುತ್ತ ಎಲ್ಲಿಗೆ ಹೋಗಬೇಕು? ಸರ್ವೋಚ್ಚ ನ್ಯಾಯಾಲಯವೂ ಈ ಭಾರವನ್ನು ನೊಂದವರ ಮೇಲೆ ಹೊರಿಸಬಾರದೆಂದೇ ಹೇಳಿತು. ಹೆಸರು ಬದಲಾಯಿಸುವ ಶಕ್ತಿ ಇದ್ದುದು ಮಾರಿದವನಿಗೆ. ಬೀದಿಯಲ್ಲಿ ಬಿದ್ದವನಿಗೆ ಅಲ್ಲ. ಆದ್ದರಿಂದ ನಿಯಮವು ಕಠಿನವಾದರೂ ಸರಿಯಾದ ಕಡೆಗೇ ವಾಲಿದೆಯೆಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ವಿಮೆ ಏತಕ್ಕೆ? ಅಪಘಾತದಲ್ಲಿ ಮೊದಲ ಹೊಣೆ ಚಾಲಕನದು, ಅವನ ಬೆನ್ನಿಗೆ ಒಡೆಯನದು. ಅವರಿಬ್ಬರ ಪರವಾಗಿ ಹಣ ಕೊಡಲು ಒಪ್ಪಿಕೊಂಡುದು ವಿಮಾ ಸಂಸ್ಥೆ. ಪರರಿಗಾಗುವ ಹಾನಿಗೆ ಮೂರನೆಯವರ ವಿಮೆ, ಅಂದರೆ ಜನರು ಥರ್ಡ್ ಪಾರ್ಟಿ ಎನ್ನುವ ವಿಮೆ, ಇಲ್ಲದೆ ಯಾವ ಗಾಡಿಯೂ ರಸ್ತೆಗೆ ಇಳಿಯಕೂಡದೆಂಬುದು ಶಾಸನದ 146ನೆಯ ಕಲಮು. ಗಾಡಿ ಮಾರಾಟವಾದರೆ ಈ ವಿಮೆ ಏನಾಗುತ್ತದೆ? ಹಿಂದೆ ವಿಮಾ ಸಂಸ್ಥೆಗಳು, ‘ನಮ್ಮ ಕರಾರು ಮಾರಿದವನ ಸಂಗಡ, ಕೊಂಡವನು ಯಾರೋ ನಮಗೆ ತಿಳಿಯದು’ ಎಂದು ವಾದಿಸುವ ರೂಢಿಯಿತ್ತು. 1939ರ ಶಾಸನದ ಕಾಲದ ಈ ವಾದವನ್ನು ಹೈದರಾಬಾದಿನಲ್ಲಿದ್ದ ಆಗಿನ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯದ ಪೂರ್ಣಪೀಠವು 1980ರ ದಶಕದಲ್ಲಿಯೇ ತಳ್ಳಿಹಾಕಿತು. ಗಾಡಿ ಕೈಬದಲಾದ ಮಾತ್ರಕ್ಕೆ ನೊಂದವರ ಪಾಲಿನ ವಿಮೆ ಸಾಯುವುದಿಲ್ಲವೆಂದು ಅದು ಹೇಳಿತು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ದೃಷ್ಟಿಯನ್ನೇ ಎತ್ತಿಹಿಡಿಯಿತು. ನಮ್ಮ ನೆರೆಯ ನ್ಯಾಯಾಲಯದ ಮಾತು ದೇಶಕ್ಕೆಲ್ಲ ಮಾತಾಯಿತೆಂಬುದು ಸಂತೋಷದ ಸಂಗತಿ. 1988ರ ಶಾಸನದ 157ನೆಯ ಕಲಮಂತೂ, ಗಾಡಿ ಮಾರಾಟವಾದ ದಿನದಿಂದಲೇ ವಿಮೆಯೂ ಕೊಂಡವನಿಗೆ ವರ್ಗವಾಯಿತೆಂದು ಭಾವಿಸತಕ್ಕದ್ದೆನ್ನುತ್ತದೆ. ಕೊಂಡವನು 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಕೊಟ್ಟು ಹೆಸರು ತಿದ್ದಿಸಿಕೊಳ್ಳಬೇಕೆಂದೂ ಹೇಳುತ್ತದೆ. ಮತ್ತೊಂದು ವ್ಯಾಜ್ಯದಲ್ಲಿ ಲಾರಿಯನ್ನು 1993ರಲ್ಲಿ ಮಾರಿಯಾಗಿತ್ತು, ವಿಮೆಯನ್ನು ಮಾತ್ರ ಹಳೆಯ ಒಡೆಯನ ಹೆಸರಿನಲ್ಲಿಯೇ ಕಟ್ಟುತ್ತ ಬಂದಿದ್ದರು. 1994ರಲ್ಲಿ ಅಪಘಾತವಾಗಿ ಇಬ್ಬರು ಸತ್ತರು. ನೋಂದಣಿಯೂ ವಿಮೆಯೂ ಒಂದೇ ಹೆಸರಿನಲ್ಲಿರುವಾಗ ವಿಮಾ ಸಂಸ್ಥೆಯು ಜಾರಿಕೊಳ್ಳುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರ ಜನವರಿಯಲ್ಲಿ ತೀರ್ಪು ಕೊಟ್ಟಿತು.

ಇಷ್ಟು ಕೇಳಿ ಸಮಾಧಾನಪಟ್ಟುಕೊಂಡು ಏಳಬೇಡಿರಿ. ವಿಮೆ ಜೀವಂತವಾಗಿದ್ದರೆ ಈ ರಕ್ಷೆ. ಅವಧಿ ಮುಗಿದಿದ್ದರೆ ಏನೂ ಇಲ್ಲ. ಮಾರಿದ ಗಾಡಿಗೆ ಮುಂದಿನ ವರ್ಷ ವಿಮೆ ಕಟ್ಟುವವರಾರು? ಹೆಸರನ್ನೇ ಬದಲಾಯಿಸಿಕೊಳ್ಳದವನು ವಿಮೆ ಕಟ್ಟುತ್ತಾನೆಂದು ನಂಬುವುದು ಹೇಗೆ? 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 75ರಿಂದ 150 ಸಿಸಿವರೆಗಿನ ಬೈಕಿಗೆ ಒಂದು ವರ್ಷದ ಮೂರನೆಯವರ ವಿಮೆಯ ಕಂತು ತೆರಿಗೆ ಬಿಟ್ಟು 714 ರೂಪಾಯಿ. ಈ 714 ರೂಪಾಯಿ ಕಟ್ಟದೆ ಹೋದುದರಿಂದ ಲಕ್ಷಗಟ್ಟಲೆ ಪರಿಹಾರದ ಹೊರೆ ಬೀಳುವುದು ನೋಂದಣಿಯಲ್ಲಿರುವ ಹೆಸರಿನ ಮೇಲೆ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ 5 ವರ್ಷ, ಹೊಸ ಕಾರಿಗೆ 3 ವರ್ಷ ಮೂರನೆಯವರ ವಿಮೆಯನ್ನು ಮೊದಲೇ ಕಟ್ಟಿಸಿಕೊಳ್ಳುವ ಏರ್ಪಾಟು ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಬಂದಿದೆ. ಅದರಿಂದ ಹೊಸ ಗಾಡಿಗಳ ಮಟ್ಟಿಗೆ ಕೆಲಕಾಲ ಉಪಕಾರವಾಯಿತು. ಆದರೆ ನಮ್ಮ ಸೀಮೆಯಲ್ಲಿ ಕೈಬದಲಾಗುವ ಗಾಡಿಗಳು ಬಹುಮಟ್ಟಿಗೆ ಆ ವಯಸ್ಸನ್ನು ದಾಟಿದವು.

ಎರಡನೆಯ ತೊಡಕು ಚಾಲನಾ ಲೈಸೆನ್ಸಿನದು. ಲೈಸೆನ್ಸಿಲ್ಲದವನು ಓಡಿಸಿ ಅಪಘಾತ ಮಾಡಿದರೆ, ನ್ಯಾಯಾಲಯಗಳು ವಿಮಾ ಸಂಸ್ಥೆಯಿಂದ ಮೊದಲು ನೊಂದವರಿಗೆ ಹಣ ಕೊಡಿಸಿ, ಆಮೇಲೆ ಅದನ್ನು ಒಡೆಯನಿಂದ ವಸೂಲು ಮಾಡಿಕೊಳ್ಳಲು ಸಂಸ್ಥೆಗೆ ಅಧಿಕಾರ ಕೊಟ್ಟ ಉದಾಹರಣೆಗಳು ಬಹಳ. ಮಾರಿದ ಗಾಡಿಯನ್ನು ಯಾರು ಓಡಿಸುತ್ತಾರೆಂಬುದು ನಮ್ಮ ಕೈಯಲ್ಲಿದೆಯೆ? ಕೊಂಡವನ ಹದಿನೈದು ವರ್ಷದ ಮಗ ಓಡಿಸಬಹುದು. 2019ರ ತಿದ್ದುಪಡಿಯಿಂದ ಸೇರಿದ 199ಎ ಕಲಮಿನಂತೆ ಅಪ್ರಾಪ್ತ ವಯಸ್ಕನು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಒಡೆಯನಿಗೆ 3 ವರ್ಷದವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಉಂಟು. ತನಗೆ ತಿಳಿಯದೆ ನಡೆಯಿತೆಂದು ಸಿದ್ಧಪಡಿಸಿದರೆ ಬಿಡುಗಡೆಯುಂಟು. ಆದರೆ ಸಿದ್ಧಪಡಿಸುವ ಕೆಲಸ ನಮ್ಮದಾಗುತ್ತದೆ.

ಕೊಂಡವರಿಗೂ ಒಂದು ಮಾತು ಹೇಳಬೇಕು. ಈ ಸಭೆಯಲ್ಲಿ ಮಾರಿದವರಷ್ಟೇ ಕೊಂಡವರೂ ಇದ್ದಾರೆ. ವಿಮೆ ತಾನಾಗಿಯೇ ವರ್ಗವಾಗುವುದು ಪರರ ಹಾನಿಯ ಮಟ್ಟಿಗೆ ಮಾತ್ರ. ಗಾಡಿಗೇ ಆದ ನಷ್ಟಕ್ಕೆ ಈ ನಿಯಮ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ಹೇಳಿದೆ. ಆ ವ್ಯಾಜ್ಯದಲ್ಲಿ ನೋಂದಣಿ ಬದಲಾಗಿತ್ತು, ವಿಮೆಯಲ್ಲಿ ಹೆಸರು ಬದಲಾಗಿರಲಿಲ್ಲ. ಜಜ್ಜಿಹೋದ ಕಾರಿನ ನಷ್ಟ ಕೊಂಡವರಿಗೆ ದೊರೆಯಲಿಲ್ಲ. ಒಡೆಯನೇ ಓಡಿಸುವಾಗ ಸತ್ತರೆ ಕುಟುಂಬಕ್ಕೆ 15 ಲಕ್ಷ ರೂಪಾಯಿ ಸಿಗುವ ವೈಯಕ್ತಿಕ ಅಪಘಾತ ವಿಮೆಯೊಂದಿದೆ. ಅದು ನೋಂದಾಯಿತ ಒಡೆಯನಿಗಾಗಿ ಇರುವುದು. ಹೆಸರು ಬದಲಾಯಿಸಿಕೊಳ್ಳದೆ ಓಡಿಸುತ್ತಿದ್ದವನು ರಸ್ತೆಯಲ್ಲಿ ಬಿದ್ದು ಸತ್ತರೆ ಅವನ ಹೆಂಡತಿ ಮಕ್ಕಳು ಈ ಹಣವನ್ನು ಕೇಳಲು ಹೋಗಿ ಬರಿಗೈಯಲ್ಲಿ ಬರಬೇಕಾದೀತು. ಆಗ ಅವಸರವಿಲ್ಲದ ಕೊಂಡವನಿಗೂ ಅವಸರವಿರಬೇಕಾಗಿತ್ತೆಂಬುದು ತಿಳಿಯುತ್ತದೆ. ತಿಳಿಯುವ ಹೊತ್ತಿಗೆ ಅವನಿರುವುದಿಲ್ಲ.

ಈ ಹೊರೆ ಎಷ್ಟು ದೂರಕ್ಕೆ ಹೋಗಬಲ್ಲುದೆಂಬುದನ್ನು ತಾಯಂದಿರಿಗಾಗಿ ವಿಶೇಷವಾಗಿ ಹೇಳುತ್ತೇವೆ. ನ್ಯಾಯಾಧಿಕರಣವು ಗೊತ್ತುಮಾಡಿದ ಹಣವನ್ನು ಕೊಡದಿದ್ದರೆ, ಶಾಸನದ 174ನೆಯ ಕಲಮಿನಂತೆ ಅದನ್ನು ಜಿಲ್ಲಾಧಿಕಾರಿಗಳ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಭೂಕಂದಾಯದ ಬಾಕಿಯೆಂದರೆ ಏನೆಂಬುದನ್ನು ನಮ್ಮ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಮೂವತ್ತು ಸಾವಿರಕ್ಕೆ ಮಾರಿದ ಹಳೆಯ ಬೈಕು ಎರಡೆಕರೆ ಖುಷ್ಕಿ ಹೊಲವನ್ನು ಎಳೆದುಕೊಂಡು ಹೋಗಬಲ್ಲುದು.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕು ಹೆಚ್ಚಾಗಿದೆ. 1956ರ ನವೆಂಬರ್ 1ಕ್ಕೆ ಮೊದಲು ಕೊಡಂಗಲ್ಲೂ ತಾಂಡೂರೂ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳು. ನಾರಾಯಣಖೇಡವೂ ಜಹೀರಾಬಾದೂ ಬೀದರ ಜಿಲ್ಲೆಯವು. ಅಂದು ಎಳೆದ ಗೆರೆಯ ಆಚೆಗೂ ಈಚೆಗೂ ನಮ್ಮ ಬೀಗರು, ನಮ್ಮ ಸಂತೆ, ನಮ್ಮ ಜಾತ್ರೆ ಹರಡಿಕೊಂಡಿವೆ. ಕೊಡಂಗಲ್ಲಿನಿಂದ ಸೇಡಂ, ಮಳಖೇಡಗಳ ಮೇಲೆ ಕಲಬುರಗಿಗೆ ಹೋಗುವ ರಸ್ತೆಯಲ್ಲಿ ನಿಂತು ನೋಡಿದರೆ ಕೆಎ 32 ಎಂಬ ನಂಬರಿನ ಗಾಡಿಗಳೂ ಟಿಎಸ್ 34 ಎಂಬ ನಂಬರಿನ ಗಾಡಿಗಳೂ ಬೆರೆತು ಓಡುತ್ತಿರುತ್ತವೆ. ಅವುಗಳಲ್ಲಿ ಎಷ್ಟೋ ಗಾಡಿಗಳು ಗೆರೆ ದಾಟಿ ಮಾರಾಟವಾಗಿಯೂ ಕಾಗದದಲ್ಲಿ ಗೆರೆ ದಾಟಿರುವುದಿಲ್ಲ. ಕಾರಣ ತೆರಿಗೆ. ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇರಿಸಿಕೊಂಡರೆ ಅಲ್ಲಿಯ ನಂಬರು ಪಡೆಯಬೇಕು, ಅಲ್ಲಿಯ ತೆರಿಗೆ ಕಟ್ಟಬೇಕು. ಅದನ್ನು ಉಳಿಸಲೆಂದು ಹಳೆಯ ಹೆಸರಿನಲ್ಲಿಯೇ ಓಡಿಸುತ್ತಾರೆ. ಉಳಿತಾಯ ಕೊಂಡವನದು, ಅಪಾಯ ಮಾರಿದವನದು.

ಕ್ರಮ ಹೀಗಿದೆ. ಒಂದೇ ರಾಜ್ಯದೊಳಗೆ ಮಾರಿದರೆ ಮಾರಿದವನು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಅದಕ್ಕೆ 29ನೆಯ ನಮೂನೆ. ಹೆಸರು ಬದಲಾವಣೆಯ ಅರ್ಜಿ 30ನೆಯ ನಮೂನೆ. ಕೊಂಡವನು 30 ದಿನಗಳೊಳಗೆ ವರದಿ ಮಾಡಬೇಕು. ಹೋಟೆಲಿನ ಮುಂದೆ ಕಾಕಾ ಖಾಲಿ ಬಿಟ್ಟು ಸಹಿ ಮಾಡಿದ ಎರಡು ಕಾಗದಗಳು ಇವೇ. ಪರರಾಜ್ಯಕ್ಕೆ ಮಾರಿದರೆ ಮಾರಿದವನಿಗೆ 45 ದಿನಗಳ ಅವಧಿಯುಂಟು; ಆದರೆ ಮೊದಲು ತನ್ನ ನೋಂದಣಿ ಕಚೇರಿಯಿಂದ 28ನೆಯ ನಮೂನೆಯಲ್ಲಿ ನಿರಾಕ್ಷೇಪ ಪತ್ರ, ಅಂದರೆ ಎನ್‌ಓಸಿ, ಪಡೆಯಬೇಕು. ಗಾಡಿಯ ಮೇಲೆ ಸಾಲವಿದ್ದಿದ್ದರೆ ಅದಕ್ಕೂ ಮುಂಚೆ ಬ್ಯಾಂಕಿನಿಂದ ಸಾಲ ತೀರಿದ ಪತ್ರವನ್ನೂ 35ನೆಯ ನಮೂನೆಯನ್ನೂ ತಂದು, ಆರ್‌ಸಿಯ ಮೇಲಿನ ಸಾಲದ ಗುರುತನ್ನು ತೆಗೆಸಬೇಕು. ಟ್ರಾಕ್ಟರಿನ ಟ್ರೇಲರಿಗೆ ಪ್ರತ್ಯೇಕ ನೋಂದಣಿಯುಂಟೆಂಬುದನ್ನು ಮಾರುವವರು ಮರೆಯುತ್ತಾರೆ. ಅದರ ಹೆಸರನ್ನೂ ಬದಲಾಯಿಸತಕ್ಕುದು.

ಪಟ್ಟಣದ ಹಳೆಗಾಡಿ ಅಂಗಡಿಗಳಿಗೆ ಕೊಡುವವರಿಗೆ ಒಂದು ಅನುಕೂಲ ಬಂದಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದಂತೆ, ಸಾರಿಗೆ ಇಲಾಖೆಯ ಅಧಿಕಾರಪತ್ರವುಳ್ಳ ವ್ಯಾಪಾರಿಗೆ ಗಾಡಿಯನ್ನು ಒಪ್ಪಿಸಿ 29ಸಿ ನಮೂನೆಯಲ್ಲಿ ವರದಿ ಮಾಡಿದರೆ, ಮುಂದೆ ಅದು ಮಾರಾಟವಾಗುವವರೆಗೆ ಆ ವ್ಯಾಪಾರಿಯನ್ನೇ ಒಡೆಯನೆಂದು ಭಾವಿಸಲಾಗುತ್ತದೆ. ಅಧಿಕಾರಪತ್ರವಿಲ್ಲದ ಅಂಗಡಿಗೆ ಈ ಮಾತು ಸಲ್ಲದು. ಹೊಸ ಗಾಡಿಯ ಬದಲಿಗೆ ಹಳೆಯದನ್ನು ಬಿಟ್ಟುಬರುವವರು ಈ ಪತ್ರವನ್ನು ನೋಡಬಯಸುತ್ತೇವೆಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಮಾರಾಟದ ದಿನ ನಮ್ಮವರು ಮಾಡತಕ್ಕ ಕೆಲಸ ದೊಡ್ಡದೇನಲ್ಲ. ಸಾಧ್ಯವಿದ್ದರೆ ಕೊಳ್ಳುವವನೊಡನೆ ತಾವೇ ಕಚೇರಿಗೆ ಹೋಗಿ ಅರ್ಜಿಯನ್ನು ಒಪ್ಪಿಸಿ, ಸ್ವೀಕೃತಿ ಚೀಟಿ ಕೈಗೆ ಬಂದ ಮೇಲೆ ಕೀಲಿ ಕೊಡುವುದು ಎಲ್ಲಕ್ಕಿಂತ ಉತ್ತಮ. ಬೆಲೆಯಲ್ಲಿ ಎರಡು ಸಾವಿರವನ್ನು ಹೆಸರು ಬದಲಾಗುವವರೆಗೆ ಬಾಕಿ ನಿಲ್ಲಿಸಿಕೊಳ್ಳುವ ಜಾಣರೂ ಇದ್ದಾರೆ. ಅದು ಕೆಟ್ಟ ಉಪಾಯವಲ್ಲ. ಗಾಡಿ ಒಪ್ಪಿಸಿದ ತಾರೀಖು, ಹೊತ್ತು, ಕೊಂಡವನ ವಿಳಾಸ, ಗುರುತಿನ ಚೀಟಿಯ ನಕಲು, ಇಬ್ಬರು ಸಾಕ್ಷಿಗಳ ಸಹಿ, ಇಷ್ಟು ಒಂದು ಕಾಗದದಲ್ಲಿರಲಿ. ಈ ಕಾಗದದ ಶಕ್ತಿ ಎಷ್ಟೆಂಬುದನ್ನೂ ತಿಳಿದಿರಬೇಕು. ಪೋಲೀಸರು ಬಂದು, ಆ ದಿನ ಗಾಡಿ ಯಾರ ಕೈಯಲ್ಲಿತ್ತೆಂದು ಕೇಳಿದಾಗ ಉತ್ತರ ಹೇಳುವುದಕ್ಕೆ ಇದು ಬೇಕು. ಪರಿಹಾರ ತೆತ್ತ ಮೇಲೆ ಕೊಂಡವನ ಮೇಲೆ ದಾವೆ ಹೂಡಿ ಹಣ ವಸೂಲು ಮಾಡುವುದಕ್ಕೂ ಇದು ಆಧಾರವಾದೀತು. ನೊಂದವರ ಎದುರಿಗೆ ಮಾತ್ರ ಇದು ನಮ್ಮನ್ನು ಕಾಯಲಾರದು.

ಈಗಾಗಲೇ ಮಾರಿಬಿಟ್ಟವರ ಗತಿಯೇನು? ಗಾಡಿಯ ನಂಬರು ಹಿಡಿದು ಸಾರಿಗೆ ಕಚೇರಿಯಲ್ಲಿ ವಿಚಾರಿಸಿರಿ. ಯಾರ ಹೆಸರಿದೆಯೆಂಬುದು ತಿಳಿಯುತ್ತದೆ. ನಿಮ್ಮ ಹೆಸರೇ ಇದ್ದರೆ ಕೊಂಡವನನ್ನು ಹುಡುಕಿ ಕರೆದೊಯ್ಯಿರಿ. ಅವನು ಒಪ್ಪದಿದ್ದರೆ ಮಾರಾಟದ ವರದಿಯನ್ನು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಕೊಂಡವನಿಗೂ ವಿಮಾ ಸಂಸ್ಥೆಗೂ ರಿಜಿಸ್ಟರು ಅಂಚೆಯಲ್ಲಿ ಪ್ರತಿ ಕಳುಹಿಸಿರಿ, ಅಗತ್ಯ ಬಿದ್ದರೆ ವಕೀಲರಿಂದ ನೋಟೀಸು ಕೊಡಿಸಿರಿ. ಇದರಿಂದ ಹೆಸರು ತಾನಾಗಿ ಬದಲಾಗುವುದಿಲ್ಲ. ಆದಕಾರಣ ಹೆಸರು ಬದಲಾಗುವವರೆಗೆ ಆ ಗಾಡಿಯ ವಿಮೆ ನಿಲ್ಲದಂತೆ ನೋಡಿಕೊಳ್ಳುವುದು ಮೇಲು. ಪರರ ಗಾಡಿಗೆ 714 ರೂಪಾಯಿ ಕಟ್ಟುವುದೆ ಎಂದು ಮನಸ್ಸು ಹಿಂಜರಿದರೆ, ಅದು ಪುಸ್ತಕದಲ್ಲಿ ಇನ್ನೂ ನಿಮ್ಮ ಗಾಡಿಯೇ ಎಂಬುದನ್ನು ನೆನೆಯಿರಿ.

ನ್ಯಾಯಾಧಿಕರಣದಿಂದ ನೋಟೀಸು ಬಂದರೆ, ‘ನಾವು ಆ ಗಾಡಿಯನ್ನು ಎಂದೋ ಮಾರಿದ್ದೇವೆ’ ಎಂದು ಅದನ್ನು ಗೂಡಿನಲ್ಲಿಟ್ಟು ಸುಮ್ಮನಿರುವುದಕ್ಕಿಂತ ದೊಡ್ಡ ಹಾನಿ ಮತ್ತೊಂದಿಲ್ಲ. ನೊಂದವರು ತಾವು ವಾಸಿಸುವ ಊರಿನ ನ್ಯಾಯಾಧಿಕರಣದಲ್ಲಿಯೂ ಅರ್ಜಿ ಹಾಕಬಹುದಾದ್ದರಿಂದ ನೋಟೀಸು ಕಲಬುರಗಿಯಿಂದಲೋ ಲಾತೂರಿನಿಂದಲೋ ಬರಬಹುದು. ಬೇರೆ ಭಾಷೆಯಲ್ಲಿಯೂ ಇರಬಹುದು. ಹಾಜರಾಗದಿದ್ದರೆ ಏಕಪಕ್ಷೀಯವಾಗಿ ತೀರ್ಪಾಗುತ್ತದೆ. ಹಾಜರಾದರೆ ಕೊಂಡವನನ್ನೂ ವಿಮಾ ಸಂಸ್ಥೆಯನ್ನೂ ಪ್ರತಿವಾದಿಗಳನ್ನಾಗಿ ಸೇರಿಸಬೇಕೆಂದು ಕೇಳಬಹುದು, ಅಪಘಾತದ ದಿನ ವಿಮೆ ಜಾರಿಯಲ್ಲಿತ್ತೆಂದು ತೋರಿಸಬಹುದು. ಹಳೆಯ ವಿಮೆಯ ಕಾಗದಗಳನ್ನು ಗಾಡಿಯ ಸಂಗಡ ಕೊಟ್ಟುಬಿಡದೆ ನಕಲನ್ನು ಪೆಟ್ಟಿಗೆಯಲ್ಲಿ ಇಟ್ಟಿರಬೇಕೆಂಬುದು ಈ ಕಾರಣಕ್ಕಾಗಿಯೇ.

ತೀರಿಕೊಂಡ ತಂದೆಯ ಹೆಸರಿನಲ್ಲಿ ಓಡುತ್ತಿರುವ ಗಾಡಿಗಳು ನಮ್ಮ ಕೇರಿಗಳಲ್ಲಿ ಬಹಳವಿವೆ. ಅವುಗಳಿಗೂ ನಿಯಮವುಂಟು: ಮರಣವನ್ನು 30 ದಿನಗಳೊಳಗೆ ತಿಳಿಸಿ, 3 ತಿಂಗಳೊಳಗೆ 31ನೆಯ ನಮೂನೆಯಲ್ಲಿ ವಾರಸುದಾರನ ಹೆಸರಿಗೆ ಅರ್ಜಿ ಹಾಕಬೇಕು. ಗುಜರಿಗೆ ಹಾಕುವ ಗಾಡಿಯ ಮಾತೂ ಇಷ್ಟೇ. ತೂಕಕ್ಕೆ ಕೊಟ್ಟ ಸ್ಕೂಟರನ್ನು ಗುಜರಿಯವನು ಒಡೆಯದೆ ರಿಪೇರಿ ಮಾಡಿ ಯಾರಿಗೋ ಮಾರಬಹುದು. ನಂಬರು ಹಳೆಯದೇ, ಹೆಸರೂ ಹಳೆಯದೇ. ಆದ್ದರಿಂದ ಕೆಟ್ಟ ಗಾಡಿಯನ್ನು ಕೊಡುವವರು ನೋಂದಣಿಯನ್ನು ರದ್ದು ಮಾಡಿಸಲು 14 ದಿನಗಳೊಳಗೆ ಕಚೇರಿಗೆ ತಿಳಿಸಿ ಆರ್‌ಸಿಯನ್ನು ಒಪ್ಪಿಸತಕ್ಕುದು.

ಈ ನಮೂನೆಗಳನ್ನು ತುಂಬುವುದರಲ್ಲಿ ಸಹಾಯ ಬೇಕಾದವರು ಶಾಲೆ ಬಿಟ್ಟ ಮೇಲೆ ನಮ್ಮಲ್ಲಿಗೆ ಬರಬಹುದು. ಹತ್ತನೆಯ ತರಗತಿಯ ವಿದ್ಯಾರ್ಥಿಗಳು 29ನೆಯ ಮತ್ತು 30ನೆಯ ನಮೂನೆಗಳನ್ನು ಕನ್ನಡಕ್ಕೆ ಇಳಿಸಿ ಬರೆದಿದ್ದಾರೆ. ಆ ಹಾಳೆಗಳನ್ನು ಸಂಘದ ವಾಚನಾಲಯದ ಗೋಡೆಗೆ ಅಂಟಿಸಿದೆ.